ಕೌಲ್ ಬಜಾರಿನ ಅಂಗಡಿ: ಮಿರ್ಚಿಗಿಂತ ಒಗ್ಗರಣೆಯೇ ಮೇಲು

ಬಳ್ಳಾರಿಯ ಕೌಲ್ ಬಜಾರಿನ ಓಣಿಯೊಂದರಲ್ಲಿರುವ ಈ ಪುಟ್ಟ ಅಂಗಡಿಗೆ ಫಲಕವಿಲ್ಲ. ಸಂಜೆ ಒಲೆ ಹೊತ್ತಿದ ಮೇಲೆ ನೆರೆಯುವ ಜನರೇ ಅದರ ಗುರುತು. ಒಳಗಿರುವ ಒಂದೆರಡು ಬೆಂಚುಗಳಲ್ಲಿಯೇ ಜೀನ್ಸ್ ಹೊಲಿಗೆ ಘಟಕಗಳಿಂದ ಕೆಲಸ ಬಿಟ್ಟು ಬಂದವರೂ ಟ್ಯೂಷನ್ ಮುಗಿಸಿದ ಹುಡುಗರೂ ಒತ್ತರಿಸಿಕೊಂಡು ಕೂರುತ್ತಾರೆ. ಎಲ್ಲರೂ ಹೊಗಳುವುದು ಮಿರ್ಚಿಯನ್ನು, ಅಂದರೆ ಮೆಣಸಿನಕಾಯಿ ಬಜ್ಜಿಯನ್ನು. ಆದರೆ ಇಲ್ಲಿ ತಿನ್ನಲೇಬೇಕಾದದ್ದು ಒಗ್ಗರಣೆ, ಅಂದರೆ ನೆನೆಸಿದ ಮಂಡಕ್ಕಿಗೆ ಒಗ್ಗರಣೆ ಹಾಕಿ ಮಾಡುವ ತಿಂಡಿ, ಎಂಬುದು ನನ್ನ ಅಭಿಪ್ರಾಯ.

ಮಂಡಕ್ಕಿ ನೀರಿನಲ್ಲಿರುವ ಕೆಲವೇ ಕ್ಷಣಗಳಲ್ಲಿ ಒಗ್ಗರಣೆಯ ಹಣೆಬರಹ ನಿರ್ಧಾರವಾಗುತ್ತದೆ. ಹೆಚ್ಚು ನೆನೆದರೆ ಮುದ್ದೆಯಾಗುತ್ತದೆ, ಕಡಿಮೆಯಾದರೆ ಉಪ್ಪು ಹುಳಿ ಹತ್ತುವುದಿಲ್ಲ. ಅನೇಕ ಅಂಗಡಿಗಳಲ್ಲಿ ಇಡೀ ಸಂಜೆಗೆ ಬೇಕಾದಷ್ಟನ್ನು ಒಂದೇ ಸಲ ಕಲಸಿ ಮುಚ್ಚಿಟ್ಟಿರುತ್ತಾರೆ. ಇಲ್ಲಿಯ ಯಜಮಾನರು ಹಾಗೆ ಮಾಡದೆ, ಬಂದವರನ್ನು ನೋಡಿಕೊಂಡು ಸ್ವಲ್ಪ ಸ್ವಲ್ಪವೇ ನೆನೆಸಿ, ಅಂಗೈಗಳ ನಡುವೆ ಹಗುರವಾಗಿ ಹಿಂಡಿ, ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಶೇಂಗಾ, ಅರಿಸಿನ ಬೆರೆತ ಬಿಸಿ ಬಾಣಲೆಗೆ ಹಾಕಿ, ಒಂದೆರಡು ಬಾರಿಯಷ್ಟೇ ತಿರುವಿ ಇಳಿಸುತ್ತಾರೆ. ಕೊನೆಗೆ ಉದುರಿಸುವ ಪುಟಾಣಿ (ಹುರಿಗಡಲೆ) ಹಿಟ್ಟು ಮಿಕ್ಕ ತೇವವನ್ನೆಲ್ಲ ಹೀರಿಕೊಳ್ಳುವುದರಿಂದ ತಟ್ಟೆಯಲ್ಲಿ ಒಂದೊಂದು ಕಾಳೂ ಬಿಡಿಬಿಡಿಯಾಗಿ ಉಳಿಯುತ್ತದೆ. ನಿಂಬೆರಸವನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡುವ ಕಾರಣ ಅದರ ಘಮವೂ ಕೆಡುವುದಿಲ್ಲ.

ಮಿರ್ಚಿಯ ವಿಷಯದಲ್ಲಿ ಅಷ್ಟು ಭರವಸೆ ಕೊಡಲಾರೆ. ಉದ್ದ ಮೆಣಸಿನಕಾಯಿ ಸೀಳಿ, ಜೀರಿಗೆ, ಉಪ್ಪು, ಹುಣಸೆಹಣ್ಣಿನ ಮಸಾಲೆ ತುಂಬಿ ಕರಿಯುವ ಮೊದಲ ಒಬ್ಬೆ ನಿಜಕ್ಕೂ ಸೊಗಸಾಗಿರುತ್ತದೆ. ಜನ ಹೆಚ್ಚಿದಂತೆ ಬಾಣಲೆ ತುಂಬ ಒಮ್ಮೆಲೇ ಬಿಡತೊಡಗುತ್ತಾರೆ. ಎಣ್ಣೆಯ ಕಾವು ಇಳಿದು ಕಡಲೆಹಿಟ್ಟು ಎಣ್ಣೆ ಕುಡಿಯುತ್ತದೆ. ತಡವಾಗಿ ಹೋದವರು ಕಟ್ ಮಿರ್ಚಿ ಕೇಳುವುದು ಲೇಸು, ಏಕೆಂದರೆ ತುಂಡರಿಸಿ ಮತ್ತೊಮ್ಮೆ ಕರಿದಾಗ ಒಳಗಿನ ಹಸಿತನ ಹೋಗಿ ಗರಿಗರಿಯಾಗುತ್ತದೆ. (ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವ ಈ ಊರಿನಲ್ಲಿ ಕುದಿಯುವ ಎಣ್ಣೆಯ ಮುಂದೆ ಖಾರಕ್ಕಾಗಿ ಸಾಲು ನಿಲ್ಲುವವರನ್ನು ಹೊರಗಿನ ಬೀಗರಿಗೆ ವಿವರಿಸುವುದು ಕಷ್ಟ.)

ಕೈ ತೊಳೆಯಲು ಸರಿಯಾದ ಜಾಗವಿಲ್ಲದಿರುವುದು ಮತ್ತು ಕುಡಿಯುವ ನೀರಿನ ಡ್ರಮ್ಮಿಗೆ ಮುಚ್ಚಳವಿಲ್ಲದಿರುವುದು ಕ್ಷಮಿಸುವಂಥ ಕೊರತೆಗಳಲ್ಲ. ಇಷ್ಟು ವ್ಯಾಪಾರವಿರುವ ಅಂಗಡಿ ಇವನ್ನು ಕೂಡಲೇ ಸರಿಪಡಿಸಬೇಕು. ಮನೆಗೆ ಒಯ್ಯುವವರಿಗೆ ಒಗ್ಗರಣೆಯ ಮೇಲೆಯೇ ಮಿರ್ಚಿ ಇಟ್ಟು ಕಟ್ಟಿಕೊಡುವ ರೂಢಿಯಿದ್ದು, ಆವಿಗೆ ಎರಡೂ ಮೆತ್ತಗಾಗುವುದರಿಂದ, ಬೇರೆ ಬೇರೆ ಪೊಟ್ಟಣ ಮಾಡಲು ಮೊದಲೇ ಹೇಳಬೇಕು.