ರಗ್ಬಿ ಶಾಲೆಯ ಚರಿತ್ರೆ: ಮಡಿಕೇರಿಯಲ್ಲಿ ಕುಳಿತು ನೋಡಿದ ಆನ್‌ಲೈನ್ ಪ್ರವಾಸ

ಇಂಗ್ಲೆಂಡಿನ ಹಳೆಯ ಶಾಲೆಗಳ ಚರಿತ್ರೆಯನ್ನು ನಕ್ಷೆ, ಛಾಯಾಚಿತ್ರ ಮತ್ತು ದಾಖಲೆಗಳ ಪ್ರತಿಗಳನ್ನು ತೋರಿಸುತ್ತ ನೇರಪ್ರಸಾರದಲ್ಲಿ ವಿವರಿಸುವ ಖಾಸಗಿ ಸೇವೆಯೊಂದಿದೆ. ಅದರ ರಗ್ಬಿ ಶಾಲೆಯ ಕಂತನ್ನು ಮಡಿಕೇರಿಯ ಕೆಲವು ನಿವೃತ್ತ ಶಿಕ್ಷಕರು ಸೇರಿ ಹಣ ಕಟ್ಟಿ ನೋಡಿದೆವು. ಈ ಸೇವೆಗೂ ಆ ಶಾಲೆಗೂ ಆಡಳಿತದ ಸಂಬಂಧವೇನೂ ಇಲ್ಲ. ಕೊಟ್ಟ ಹಣಕ್ಕೆ ಮೊದಲರ್ಧವೊಂದೇ ಸಾಕಿತ್ತು. ಕೊರತೆಯೆಲ್ಲ ಇರುವುದು ಎರಡನೆಯ ಅರ್ಧದಲ್ಲಿ.

ನಿರೂಪಕರು ಕಟ್ಟಡಗಳಿಂದ ಆರಂಭಿಸದೆ ದುಡ್ಡಿನಿಂದ ಆರಂಭಿಸಿದ್ದು ನನಗೆ ಬಹಳ ಹಿಡಿಸಿತು. 1567ರಲ್ಲಿ ಈ ಶಾಲೆಗೆ ಆಸ್ತಿ ಬರೆದಿಟ್ಟ ಲಾರೆನ್ಸ್ ಶೆರಿಫ್ ಪಾದ್ರಿಯೂ ಅಲ್ಲ, ಜಮೀನ್ದಾರನೂ ಅಲ್ಲ. ರಾಣಿ ಒಂದನೆಯ ಎಲಿಜಬೆತ್‌ಳ ಮನೆಗೆ ಸಾಮಾನು ಒದಗಿಸುತ್ತಿದ್ದ, ರಗ್ಬಿ ಊರಿನಲ್ಲೇ ಹುಟ್ಟಿದ ಲಂಡನ್ನಿನ ದಿನಸಿ ವ್ಯಾಪಾರಿ. ಆ ಕಾಲದ ದಿನಸಿ ವ್ಯಾಪಾರವೆಂದರೆ ಬಹುಪಾಲು ಸಂಬಾರ ಪದಾರ್ಥಗಳ ವ್ಯಾಪಾರವೇ ಆಗಿದ್ದುದರಿಂದ, ಕರಿಮೆಣಸು ಬೆಳೆಯುವ ನಮ್ಮ ಜಿಲ್ಲೆಯವರು ಈ ಭಾಗಕ್ಕೆ ಕಿವಿಗೊಡದೆ ಇರಲಾರರು. ಶೆರಿಫ್ ಮೊದಲು ನಗದು ಕೊಡಲು ಯೋಚಿಸಿದ್ದವನು, ಸಾಯುವ ಮುನ್ನ ಉಯಿಲನ್ನು ತಿದ್ದಿ, ಲಂಡನ್ ಹೊರವಲಯದಲ್ಲಿ ತನಗಿದ್ದ ಹುಲ್ಲುಗಾವಲಿನ ಮೂರನೆಯ ಒಂದು ಪಾಲನ್ನು, ಎಂದರೆ ಸುಮಾರು 8 ಎಕರೆಯನ್ನು, ಶಾಲೆಗೆ ಬಿಟ್ಟನು. ನಗರ ಬೆಳೆದು ಆ ಹುಲ್ಲುಗಾವಲನ್ನು ನುಂಗಿದ ಮೇಲೆ ಬಾಡಿಗೆ ಏರಿತು, ಶಾಲೆಯೂ ಏರಿತು. ಲಂಡನ್ನಿನಲ್ಲಿ ರಗ್ಬಿ ಹೆಸರಿನ ಬೀದಿ ಇಂದಿಗೂ ಇದೆ. ಹಳೆಯ ನಕ್ಷೆಯ ಮೇಲೆ ಹೊಸ ನಕ್ಷೆಯನ್ನು ಇಟ್ಟು ತೋರಿಸಿದಾಗ, ಬಾಣೆ ಜಮೀನಿನ (ಗದ್ದೆಗೆ ಹೊಂದಿಕೊಂಡ ಕಾಡುಗುಡ್ಡದ ಜಾಗ) ಬೆಲೆ ಏರಿದ್ದನ್ನು ಕಣ್ಣಾರೆ ಕಂಡ ನಮ್ಮವರಿಗೆ ಹೆಚ್ಚಿನ ವಿವರಣೆ ಬೇಕಾಗಲಿಲ್ಲ. ಊರಿನ ಹುಡುಗರಿಗೆಂದು ಹುಟ್ಟಿದ ಈ ಶಾಲೆ ಕ್ರಮೇಣ ದೂರದ ಸಿರಿವಂತರ ಮಕ್ಕಳ ವಸತಿಶಾಲೆಯಾಗಿ, ಕೊನೆಗೆ 1878ರಲ್ಲಿ ಸ್ಥಳೀಯ ಹುಡುಗರಿಗಾಗಿ ಶೆರಿಫ್‌ನ ಹೆಸರಿನಲ್ಲೇ ಬೇರೊಂದು ಶಾಲೆ ತೆರೆಯಬೇಕಾಗಿ ಬಂದುದನ್ನೂ ನಿರೂಪಕರು ಮುಚ್ಚಿಡದೆ ಹೇಳಿದರು.

1797ರ ದಂಗೆಯ ಭಾಗ ಚುರುಕಾಗಿದೆ. ವಿದ್ಯಾರ್ಥಿಗಳು ಮುಖ್ಯೋಪಾಧ್ಯಾಯರ ಬಾಗಿಲನ್ನು ಸಿಡಿಮದ್ದಿನಿಂದ ಹಾರಿಸಿ, ಸೈನಿಕರು ಬಂದಾಗ ಶಾಲೆಯ ಆವರಣದಲ್ಲಿ ಸುತ್ತಲೂ ನೀರಿದ್ದ ದಿಬ್ಬವೊಂದಕ್ಕೆ ಹಿಮ್ಮೆಟ್ಟಿ, ಅಲ್ಲಿ ಶರಣಾದರು. ನಲವತ್ತು ವರ್ಷ ತರಗತಿ ನಿಭಾಯಿಸಿದವರೊಬ್ಬರು ಇದನ್ನು ಕೇಳಿ, ನಮ್ಮ ಮಕ್ಕಳು ದೇವರಂಥವರು ಎಂದರು. 1828ರಲ್ಲಿ ಬಂದು 1842ರಲ್ಲಿ ತೀರಿಕೊಳ್ಳುವವರೆಗೂ ಮುಖ್ಯೋಪಾಧ್ಯಾಯನಾಗಿದ್ದ ಥಾಮಸ್ ಆರ್ನಾಲ್ಡ್ ಹಿರಿಯ ವಿದ್ಯಾರ್ಥಿಗಳಿಗೇ ಶಿಸ್ತಿನ ಹೊಣೆ ಹೊರಿಸಿದ್ದನ್ನು ಈ ಹಿನ್ನೆಲೆಯಲ್ಲಿ ಇಟ್ಟು ನೋಡಿದಾಗಲೇ ಅದರ ಅಗತ್ಯ ತಿಳಿಯುತ್ತದೆ.

ಈ ಶಾಲೆಯಿಂದಲೇ ಹೆಸರು ಪಡೆದ ರಗ್ಬಿ ಆಟದ ವಿಷಯದಲ್ಲಿ ನಿರೂಪಕರು ಪ್ರಾಮಾಣಿಕರು. 1823ರಲ್ಲಿ ವಿಲಿಯಂ ವೆಬ್ ಎಲ್ಲಿಸ್ ಎಂಬ ಹುಡುಗ ಚೆಂಡನ್ನು ಕೈಯಲ್ಲಿ ಹಿಡಿದು ಓಡಿ ಈ ಆಟಕ್ಕೆ ಕಾರಣನಾದನೆಂಬ ಕಥೆಗೆ ಕಣ್ಣಾರೆ ಕಂಡವರ ಸಾಕ್ಷ್ಯವಿಲ್ಲ. ಅದು ಬರಹಕ್ಕೆ ಬಂದದ್ದೇ ಅವನು 1872ರಲ್ಲಿ ಸತ್ತ ನಂತರ. ಗಟ್ಟಿಯಾಗಿ ದಾಖಲಾಗಿರುವುದು 1845ರಲ್ಲಿ ವಿದ್ಯಾರ್ಥಿಗಳೇ ಬರೆದಿಟ್ಟ ನಿಯಮಗಳು. ಹಾಕಿಯ ನಾಡಿನವರಾದ ನಮಗೆ ಮಕ್ಕಳೇ ಕುಳಿತು ನಿಯಮ ಬರೆದ ಸಂಗತಿ ಆ ಓಟದ ಕಥೆಗಿಂತ ರೋಚಕವೆನಿಸಿತು. ಅದಕ್ಕೆ ಇನ್ನಷ್ಟು ಸಮಯ ಕೊಡಬಹುದಿತ್ತು.

ನನ್ನ ದೊಡ್ಡ ಆಕ್ಷೇಪವೆಂದರೆ, ಆರ್ನಾಲ್ಡ್ ನಂತರ ಕಥೆ ಇಂಗ್ಲೆಂಡಿನ ಗಡಿ ದಾಟುವುದೇ ಇಲ್ಲ. ಆರ್ನಾಲ್ಡ್‌ನ ಕೈಕೆಳಗೆ 1837ರಿಂದ ಅಧ್ಯಾಪಕನಾಗಿದ್ದ ಜಾರ್ಜ್ ಎಡ್ವರ್ಡ್ ಲಿಂಚ್ ಕಾಟನ್ 1858ರಲ್ಲಿ ಕಲ್ಕತ್ತೆಯ ಬಿಷಪ್ ಆಗಿ, ಮರುವರ್ಷವೇ ಶಿಮ್ಲಾದ ಶಾಲೆಗೆ ಕಾರಣನಾದನು. 1865ರಲ್ಲಿ ಆರಂಭವಾದ ಬೆಂಗಳೂರಿನ ಬಿಷಪ್ ಕಾಟನ್ ಶಾಲೆ ಅವನ ಹೆಸರನ್ನೇ ಹೊತ್ತಿದೆ. ಜನರಲ್ ತಿಮ್ಮಯ್ಯನವರು ಓದಿದ ಶಾಲೆಗಳಲ್ಲಿ ಅದೂ ಒಂದು. ಮಡಿಕೇರಿಯಲ್ಲಿ ಈಗ ವಸ್ತುಸಂಗ್ರಹಾಲಯವಾಗಿರುವ ಅವರ ಮನೆ ಸನ್ನಿಸೈಡ್‌ಗೆ ಹೋಗಿ ಬಂದವರು ಈ ಕೊಂಡಿಯ ಬಗ್ಗೆ ಕೇಳಿಯೇ ಕೇಳುತ್ತಾರೆ. ನಾವು ಕೇಳಿದಾಗ ನಿರೂಪಕರು ಸೌಜನ್ಯದಿಂದ ಉತ್ತರಿಸಿದರಾದರೂ, ಅದಕ್ಕೆ ಒಂದು ಚಿತ್ರವನ್ನೂ ಸಿದ್ಧಪಡಿಸಿಕೊಂಡಿರಲಿಲ್ಲ. ಭಾರತದಿಂದ ಶುಲ್ಕ ಪಡೆಯುವ ಸೇವೆಗೆ ಇದು ಶೋಭೆಯಲ್ಲ.

ನಿರೂಪಣೆ ಪೂರ್ತಿ ಇಂಗ್ಲಿಷಿನಲ್ಲಿದೆ. ಉಚ್ಚಾರ ನಿಧಾನ, ಸ್ಪಷ್ಟ. ಅಲ್ಲಿನ ಬೇಸಿಗೆಯಲ್ಲಿ ಮಧ್ಯಾಹ್ನ 2 ಗಂಟೆಗೆ ಶುರುವಾಗುವ ಪ್ರಸಾರ ನಮಗೆ ಸಂಜೆ 6.30ಕ್ಕೆ ಅನುಕೂಲವೇ, ಆದರೆ ಆ ತಿಂಗಳುಗಳು ನಮ್ಮ ಮಳೆಗಾಲ, ವಿದ್ಯುತ್ತನ್ನು ನಂಬುವಂತಿಲ್ಲ. ನಂತರ ನೋಡಲು ಪ್ರಸಾರದ ರೆಕಾರ್ಡಿಂಗನ್ನೂ ಕೊಡುವ ದರವನ್ನೇ ಆರಿಸಿಕೊಳ್ಳುವುದು ಲೇಸು. ಗುಂಪಾಗಿ ಸೇರುವವರು ಪ್ರಶ್ನೆಗಳನ್ನು ಮುಂಚಿತವಾಗಿ ಕಳುಹಿಸಲು ಅವಕಾಶವಿದೆ. ಕಾಟನ್ ಕುರಿತ ಭಾಗ ಬೇಕೆಂದು ಅದರಲ್ಲೇ ಬರೆದು ಕೇಳಬೇಕು.