ಎಡಬ್ಲ್ಯೂಎಸ್ ಸೊಲ್ಯೂಷನ್ಸ್ ಆರ್ಕಿಟೆಕ್ಟ್ ಸರ್ಟಿಫಿಕೇಟ್: ಭಾಳ ದಿನ ಬಳಸಿದ್ಮ್ಯಾಲೆ ರಿವ್ಯೂ, 5ಕ್ಕ 3 ಸ್ಟಾರ್

ಪರೀಕ್ಷೆ ಪಾಸಾದ ದಿನಾನ 5 ಸ್ಟಾರ್ ಕೊಟ್ಟು ಲಿಂಕ್ಡ್‌ಇನ್‌ನಾಗ ಬ್ಯಾಡ್ಜ್ ಏರಿಸೋ ರಿವ್ಯೂ ಬೇಕಾದಷ್ಟು ಅವ. ಇದು ಹಂಗಲ್ಲ. ಎಡಬ್ಲ್ಯೂಎಸ್ (ಅಮೆಜಾನ್‌ನ ಕ್ಲೌಡ್, ಅಂದ್ರ ಇಂಟರ್‌ನೆಟ್ ಮ್ಯಾಲೆ ಸರ್ವರ್ ಬಾಡಿಗಿಗೆ ಕೊಡೋದು) ಸೊಲ್ಯೂಷನ್ಸ್ ಆರ್ಕಿಟೆಕ್ಟ್ ಅಸೋಸಿಯೇಟ್ ತೊಗೊಂಡು, ಅದನ್ನ ರೆಸ್ಯೂಮ್‌ನಾಗ ಹಾಕಿ ಕೆಲ್ಸ ಬದಲ್ ಮಾಡಿ, ನಡುವ ರಿನ್ಯೂ ಮಾಡಿ, ಈಗ ಮತ್ತ ಎಕ್ಸ್‌ಪೈರಿ ಮೇಲ್ ಬರೋ ಹೊತ್ತಿಗೆ ಬರೀಲಿಕ್ಕತ್ತೀನಿ. ಊರು ವಿಜಯಪುರ ಕಡೆ, ಕೆಲ್ಸ ಪುಣೆದಾಗ ಹಿಂಜವಡಿ. ಮೊದ್ಲು ಸಪೋರ್ಟ್‌ನಾಗಿದ್ದೆ, ರಾತ್ರಿ ಪಾಳಿ, ಟಿಕೆಟ್ ಕ್ಲೋಸ್ ಮಾಡೋದು, ಸರ್ವರ್ ರೀಸ್ಟಾರ್ಟ್ ಮಾಡೋದು, ಬೆಳಿಗ್ಗೆ ವಾಕಡ್ ರೂಮಿಗೆ ಬಂದು ಮಲಗೋದು.

ರೊಕ್ಕದ ಲೆಕ್ಕ ಮೊದ್ಲು. ಫೀ 150 ಡಾಲರ್, ಅದರ ಮ್ಯಾಲೆ ಟ್ಯಾಕ್ಸ್. 130 ನಿಮಿಷ, 65 ಪ್ರಶ್ನೆ, 1000ಕ್ಕ 720 ಬಂದ್ರ ಪಾಸ್, ತಪ್ಪಾದ್ರ ಮಾರ್ಕ್ಸ್ ಕಟ್ ಆಗಂಗಿಲ್ಲ. ಆ 65ರಾಗ 15ಕ್ಕ ಮಾರ್ಕ್ಸೇ ಇಲ್ಲ, ಮುಂದ ಬಳಸ್ಬಹುದೇನು ಅಂತ ಪರೀಕ್ಷೆ ಮಾಡ್ಲಿಕ್ಕ ಇಟ್ಟಿರ್ತಾರ, ಯಾವ 15 ಅಂತ ಹೇಳಂಗಿಲ್ಲ, ಹಿಂಗಾಗಿ ನಡುವ ಒಂದು ತಲಿಬುಡ ತಿಳೀದ ಪ್ರಶ್ನೆ ಬಂದ್ರ ಅಲ್ಲೇ ಕೂತು ಟೈಮ್ ಹಾಳ್ ಮಾಡ್ಕೋಬ್ಯಾಡ್ರಿ. ಪಾಸಾದ್ರ ಮುಂದಿನ ಪರೀಕ್ಷೆಗೆ ಅರ್ಧ ರೇಟು. ಫೇಲಾದ್ರ 14 ದಿನ ಕಾಯ್ಬೇಕು, ಮತ್ತ ಪೂರ್ತಿ ಫೀ ಕಟ್ಬೇಕು. ಆಯುಷ್ಯ 3 ವರ್ಷ. ನಾ ಮೊದ್ಲು ಬರೆದಾಗ ಪರೀಕ್ಷೆದು ಸಿ02 ಅನ್ನೋ ಆವೃತ್ತಿ ಇತ್ತು, 2022ರ ಆಗಸ್ಟ್‌ನಾಗ ಸಿ03 ಬಂತು, ರಿನ್ಯೂ ಮಾಡುವಾಗ ಹೊಸಾದು ಓದಬೇಕಾತು.

ಮನಿಂದ ಪರೀಕ್ಷೆ ಕೊಡೋ ಅನುಭವಕ್ಕ ಒಂದೂ ಸ್ಟಾರ್ ಇಲ್ಲ. ರೂಮಿನ ನಾಕೂ ಕಡೆ ಫೋಟೋ ತಗದ್ ಕಳಿಸ್ರಿ ಅಂದ್ರು, ಕಳಿಸ್ದೆ. ಗೋಡಿ ಮ್ಯಾಲಿನ ಕ್ಯಾಲೆಂಡರ್ ತಗೀರಿ ಅಂದ್ರು, ಅದು ಮನಿ ಮಾಲಕರು ಮೊಳಿ ಹೊಡದು ಹಾಕಿದ್ದು, ಅದನ್ನೂ ತಗದೆ. ಟೇಬಲ್ ಕೆಳಗಿನ ಚಾರ್ಜರ್ ವಯರ್, ಕೈಗಡಿಯಾರ, ನೀರಿನ ಬಾಟ್ಲಿ ಮ್ಯಾಲಿನ ಲೇಬಲ್ ಎಲ್ಲಾ ಆತು. ಆಮ್ಯಾಲೆ ಪ್ರಶ್ನೆ ಓದುವಾಗ ತುಟಿ ಅಲ್ಲಾಡ್ಲಿಕ್ಕತ್ತಾವ ಅಂತ ಚಾಟ್‌ನಾಗ ವಾರ್ನಿಂಗ್ ಬಂತು. ಕನ್ನಡ ಸಾಲ್ಯಾಗ ಕಲ್ತವ್ರು ಉದ್ದುದ್ದ ಇಂಗ್ಲಿಷ್ ಪ್ರಶ್ನೆನ ಬಾಯೊಳಗ ಅಂದ್ಕೋತ ಓದೋದು ಸಹಜ, ಅವ್ರಿಗೇನ್ ಗೊತ್ತು. ರಿನ್ಯೂ ಪರೀಕ್ಷೆಗೆ ಸೀದಾ ಸೆಂಟರಿಗೆ ಹೋದೆ, ಅರಾಮ ಇತ್ತು.

ಈಗ ಉಪಯೋಗ ಆತೋ ಇಲ್ಲೋ ಅನ್ನೋದು. ಆತು, ಖರೇ ಹೇಳ್ಬೇಕಂದ್ರ ಒಂದೇ ಸಲ, ಆದ್ರ ಭಾಳ ದೊಡ್ಡದಾತು. ಸಪೋರ್ಟ್ ಅಂತ ರೆಸ್ಯೂಮ್‌ನಾಗ ಇರೋವರೆಗೂ ಕ್ಲೌಡ್ ಕೆಲಸಕ್ಕ ಯಾರೂ ಫೋನೇ ಮಾಡ್ತಿರ್ಲಿಲ್ಲ, ಯಾಕಂದ್ರ ಮೊದ್ಲು ರೆಸ್ಯೂಮ್ ನೋಡೋವ್ರು ಇಂಜಿನಿಯರ್ ಅಲ್ಲ, ಎಚ್ಆರ್, ಅವ್ರು ಹುಡುಕೋ ಪೆಟ್ಟಿಗ್ಯಾಗ ಒಂದಿಷ್ಟು ಶಬ್ದ ಟೈಪ್ ಮಾಡ್ತಾರ, ಬಂದೋವ್ರಿಗೆ ಫೋನ್ ಹಚ್ತಾರ. ಸರ್ಟಿಫಿಕೇಟ್ ಹೆಸರು ಹಾಕಿದ್ಮ್ಯಾಲೆ ಫೋನ್ ಬರ್ಲಿಕ್ಕ ಚಾಲೂ ಆತು. ಅಷ್ಟೇ ಅದರ ಕೆಲ್ಸ. ಇಂಟರ್‌ವ್ಯೂ ರೂಮಿನಾಗ ಕೂತ್ಮ್ಯಾಲೆ ಅದನ್ನ ಯಾರೂ ಕೇಳ್ಲಿಲ್ಲ.

ಈಗ ನಾನೇ ಪ್ಯಾನೆಲ್‌ನಾಗ ಕೂಡ್ತೀನಿ, ಅದಕ್ಕ ಆ ಕಡಿಂದ ಹೆಂಗ ಕಾಣ್ತದ ಹೇಳ್ತೀನಿ. ನಂದು ಒಂದು ಕಾಯಂ ಪ್ರಶ್ನೆ ಅದ: ಪ್ರೈವೇಟ್ ಸಬ್‌ನೆಟ್‌ನಾಗಿರೋ (ಅಂದ್ರ ಇಂಟರ್‌ನೆಟ್‌ಗೆ ಸೀದಾ ದಾರಿ ಇಲ್ದ ನೆಟ್‌ವರ್ಕ್ ತುಂಡಿನಾಗಿರೋ) ಸರ್ವರ್‌ಗೆ ಇಂಟರ್‌ನೆಟ್ ಸಿಗ್ಲಿಕ್ಕತ್ತಿಲ್ಲ, ಅಪ್‌ಡೇಟ್ ಡೌನ್‌ಲೋಡ್ ಆಗವಲ್ದು, ಏನೇನು ನೋಡ್ತೀರಿ? ಬರೇ ಉರು ಹೊಡದು ಪಾಸಾದ ಹುಡುಗ ನ್ಯಾಟ್ ಗೇಟ್‌ವೇ (ಒಳಗಿನ ಸರ್ವರ್‌ಗೆ ಹೊರಗ ಹೋಗ್ಲಿಕ್ಕ ದಾರಿ ಮಾಡಿಕೊಡೋದು) ಅಂದ್ರೇನು ಅಂತ ವ್ಯಾಖ್ಯಾನ ಹೇಳಿ ಸುಮ್ನಾಗ್ತಾನ. ಕೈಯಾರೆ ಮಾಡಿದಾವ ನಂಗ ತಿರುಗಿ ಕೇಳ್ತಾನ, ಸರ್ ರೂಟ್ ಟೇಬಲ್‌ನಾಗ ನ್ಯಾಟ್ ಕಡೆ ದಾರಿ ಅದನೋ, ಆ ನ್ಯಾಟ್ ಪಬ್ಲಿಕ್ ಸಬ್‌ನೆಟ್‌ನಾಗ ಅದನೋ ಇಲ್ಲೋ. ಆಮ್ಯಾಲೆ ಸೆಕ್ಯುರಿಟಿ ಗ್ರೂಪ್‌ಗೆ (ಸರ್ವರ್‌ನ ಕಾವಲು) ಬರ್ತಾನ, ಅದು ಹೊರಗ ಹೋದ ಮಾತು ನೆನಪಿಟ್ಟು ವಾಪಸ್ ಬರೋದನ್ನ ತಾನೇ ಬಿಡ್ತದ, ಆದ್ರ ನೆಟ್‌ವರ್ಕ್ ಎಸಿಎಲ್ (ಪೂರ್ತಿ ಸಬ್‌ನೆಟ್‌ನ ಕಾವಲು) ನೆನಪಿಡಂಗಿಲ್ಲ, ವಾಪಸ್ ಬರೋ ದೊಡ್ಡ ನಂಬರಿನ ಪೋರ್ಟ್ ನಾವೇ ಓಪನ್ ಮಾಡ್ಬೇಕು. ಇಷ್ಟು ಹೇಳಿದಾವಗ ಸರ್ಟಿಫಿಕೇಟ್ ಅದನೋ ಇಲ್ಲೋ ನಾ ನೋಡಂಗಿಲ್ಲ. ಮಜಾ ಏನಂದ್ರ ಇದೆಲ್ಲಾ ಆ ಪರೀಕ್ಷೆ ಸಿಲೆಬಸ್‌ನಾಗೇ ಅದ, ನಾಕು ಆಪ್ಷನ್ ಕೊಟ್ಟು ಕೇಳ್ತಾರ ಅನ್ನೋದೊಂದೇ ಕಷ್ಟ.

ಇನ್ನೊಂದು ಮಾತು ಯಾವ ಕೋಚಿಂಗ್ ಕ್ಲಾಸಿನಾವ್ರೂ ಹೇಳಂಗಿಲ್ಲ. ಈ ಸರ್ಟಿಫಿಕೇಟ್‌ನ ದೊಡ್ಡ ಫಾಯ್ದೆ ಸರ್ವಿಸ್ ಕಂಪನಿಗೆ, ಅಂದ್ರ ಬ್ಯಾರೆಯವ್ರ ಐಟಿ ಕೆಲ್ಸ ಮಾಡಿಕೊಡೋ ಕಂಪನಿಗೆ. ಎಡಬ್ಲ್ಯೂಎಸ್ ಪಾರ್ಟ್ನರ್ ಆಗಬೇಕಂದ್ರ ಸೆಲೆಕ್ಟ್, ಅಡ್ವಾನ್ಸ್ಡ್, ಪ್ರೀಮಿಯರ್ ಅಂತ ಮೆಟ್ಲು ಅವ, ಒಂದೊಂದು ಮೆಟ್ಲಿಗೂ ಕಂಪನ್ಯಾಗ ಇಷ್ಟು ಮಂದಿ ಸರ್ಟಿಫೈಡ್ ಇರಬೇಕು ಅಂತ ಲೆಕ್ಕ. ಅದಕ್ಕೇ ನಿಮ್ಮ ಎಚ್ಆರ್ ನಿಮ್ಮ ಸರ್ಟಿಫಿಕೇಶನ್ ಅಕೌಂಟ್‌ನ ಕಂಪನಿ ಮೇಲ್ ಐಡಿಗೆ ಜೋಡಿಸ್ರಿ ಅಂತ ಬೆನ್ನು ಹತ್ತೋದು. ನೀವು ಬಿಟ್ಟು ಹೋದ್ರ ಆ ಒಂದು ನಂಬರ್ ಅವ್ರ ಕಡಿಂದ ಕಡಿಮಿ. ನಾ ಇದು ತಿಳದ್ಮ್ಯಾಲೆ ಕೈಯಿಂದ ರೊಕ್ಕ ಕೊಟ್ಟು ಪರೀಕ್ಷೆ ಬರಿಯೋದು ಬಿಟ್ಟೆ. ರಿನ್ಯೂ ಹೊತ್ನ್ಯಾಗ ಮ್ಯಾನೇಜರ್ ಮೆಲ್ಲಕ ಬಂದು, ಅಪ್ನಾ ಎಕ್ಸ್‌ಪೈರ್ ಹೋ ರಹಾ ಹೈ ನಾ ಅಂದ್ರು, ಹೌದ್ರಿ ಪರೀಕ್ಷೆ ಫೀದು ವೋಚರ್ ಕೊಡ್ಸ್ರಿ, ಓದ್ಲಿಕ್ಕ ಎರಡು ದಿನ ರಜಾನೂ ಕೊಡ್ಸ್ರಿ ಅಂದೆ. ಎರಡೂ ಸಿಕ್ತು. ಪಗಾರ ಮಾತ್ರ ಒಂದು ರೂಪಾಯಿ ಹೆಚ್ಚಾಗ್ಲಿಲ್ಲ.

ಬ್ಯಾರೆ ಬ್ರ್ಯಾಂಡ್ ಜೋಡಿ ಹೋಲಿಸಿ ನೋಡಿದ್ರ, ಕುಬರ್ನೆಟಿಸ್‌ನ (ಭಾಳ ಸರ್ವರ್ ಮ್ಯಾಲೆ ಆ್ಯಪ್ ನಡೆಸೋ ಸಾಫ್ಟ್‌ವೇರ್) ಸಿಕೆಎ ಸರ್ಟಿಫಿಕೇಟ್ ಬ್ಯಾರೆನೇ ಜಾತಿ. ಅಲ್ಲಿ ಆಪ್ಷನ್ನೇ ಇಲ್ಲ, 2 ತಾಸು ಖರೇ ಟರ್ಮಿನಲ್ ಕೊಡ್ತಾರ, ಕೆಟ್ಟ ಕ್ಲಸ್ಟರ್ (ಸರ್ವರ್ ಗುಂಪು) ರಿಪೇರಿ ಮಾಡು ಅಂತಾರ, ಕುಬರ್ನೆಟಿಸ್ ಡಾಕ್ಯುಮೆಂಟೇಶನ್ ತೆರೆದು ನೋಡ್ಲಿಕ್ಕೂ ಬಿಡ್ತಾರ, 66 ಪರ್ಸೆಂಟ್‌ಗೆ ಪಾಸ್, ಫೇಲಾದ್ರ ಒಂದು ಸಲ ಪುಕ್ಕಟೆ. ಲಿನಕ್ಸ್ ಕಂಪನಿ ರೆಡ್ ಹ್ಯಾಟ್‌ನ ಆರ್‌ಎಚ್‌ಸಿಎಸ್‌ಎನೂ ಹಂಗೇ, ಕೈಕೆಲಸದ ಪರೀಕ್ಷೆ. ಇಂಥಾವು ರೆಸ್ಯೂಮ್‌ನಾಗ ಕಂಡ್ರ ನಾ ಸ್ವಲ್ಪ ನೆಟ್ಟಗ ಕೂತು ಓದ್ತೀನಿ. ಆದ್ರ ತುಟ್ಟಿ, ಮತ್ತ 2024ರ ಏಪ್ರಿಲ್‌ನಿಂದ ಸಿಕೆಎ ಆಯುಷ್ಯ 3 ವರ್ಷದಿಂದ 2ಕ್ಕ ಇಳಿಸ್ಯಾರ. ಸಿಸ್ಕೋದ ಸಿಸಿಎನ್ಎ 300 ಡಾಲರ್, ನೆಟ್‌ವರ್ಕ್ ಕೆಲಸಕ್ಕ ಇವತ್ತಿಗೂ ಕೇಳ್ತಾರ. ರಿನ್ಯೂ ವಿಷಯದಾಗ ಮೈಕ್ರೋಸಾಫ್ಟ್ ಮಾತ್ರ ಚಲೋ ಮಾಡ್ಯದ, ಅವ್ರ ಅಜೂರ್ ಕ್ಲೌಡ್‌ನ ಎಝೆಡ್-104 ಥರದ್ದು ಒಂದೇ ವರ್ಷ ನಡೀತದ ಖರೇ, ಆದ್ರ ರಿನ್ಯೂ ಪುಕ್ಕಟೆ, ಮನ್ಯಾಗ ಕೂತು ಆನ್‌ಲೈನ್ ಮಾಡ್ಬಹುದು. ಉಳಿದವ್ರದ್ದು ಗಾಡಿ ಇನ್ಶೂರೆನ್ಸ್ ಕಟ್ಟಿದಂಗ, ಕಟ್ತಾನೇ ಇರಬೇಕು. ಕಟ್ಟಿದ್ರೂ ಉಳೀತದ ಅಂತಿಲ್ಲ, ಒಂದು ಕಾಲಕ್ಕ ಮೈಕ್ರೋಸಾಫ್ಟ್‌ನ ಎಂಸಿಎಸ್ಇ ಸರ್ಟಿಫಿಕೇಟ್ ಅಂದ್ರ ಮಂದಿ ಎದ್ದು ನಿಲ್ತಿದ್ರು, 2021ರ ಜನವರಿ 31ಕ್ಕ ಮೈಕ್ರೋಸಾಫ್ಟೇ ಅದನ್ನ ಬಂದ್ ಮಾಡ್ತು.

ಪಿಂಪ್ರಿ ಕಡೆ ರಾಜ್ಯೋತ್ಸವಕ್ಕ ಹೋದ್ರ ಊಟದ ಪಂಕ್ತ್ಯಾಗೇ ಹಿರಿಯರು ಹಿಡ್ಕೋತಾರ, ನಮ್ಮ ಹುಡುಗ ಬಿಇ ಮುಗಿಸ್ಯಾನಪಾ, ಯಾವ ಸರ್ಟಿಫಿಕೇಟ್ ಮಾಡಿಸ್ಲಿ, ಕರ್ವೆ ರೋಡ್ ಕಡೆ ಒಂದು ಕ್ಲಾಸಿನಾವ್ರು ನಾಕು ಸರ್ಟಿಫಿಕೇಟ್ ಪ್ಯಾಕೇಜ್, ಪ್ಲೇಸ್‌ಮೆಂಟ್ ಗ್ಯಾರಂಟಿ ಅನ್ಲಿಕ್ಕತ್ತಾರ. ಕಾಕಾ, ಒಂದು ಸಾಕ್ರಿ ಅಂತೀನಿ. ಅನುಭವ ಇಲ್ದ ನಾಕು ಬ್ಯಾಡ್ಜ್ ಇದ್ರ ನೋಡೋರಿಗೆ ಡೌಟೇ ಬರ್ತದ. ಪುಣೆಕ್ಕ ಸಿ-ಡ್ಯಾಕ್ (ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಸ್ಥೆ) ಕೋರ್ಸ್ ಮಾಡ್ಲಿಕ್ಕ ಬರೋ ಹುಡುಗ್ರ ಲೆಕ್ಕ ಬ್ಯಾರೆ, ಅದು ಆರು ತಿಂಗಳ ಪೂರ್ತಿ ಕೋರ್ಸು, ಕ್ಯಾಂಪಸ್ ಪ್ಲೇಸ್‌ಮೆಂಟೂ ಇರ್ತದ, ಅದನ್ನ ಇದರ ಜೋಡಿ ತೂಗಬ್ಯಾಡ್ರಿ. ಉಳಿದ ಮೂರರ ರೊಕ್ಕದಾಗ ಹುಡುಗಗ ಒಂದು ಎಡಬ್ಲ್ಯೂಎಸ್ ಅಕೌಂಟ್ ತೆಗೆಸಿ ಕೊಡ್ರಿ, ಏನರ ಕಟ್ಟಿ ಕೆಡವ್ಲಿ, ಬಿಲ್ಲಿಂಗ್ ಅಲರ್ಟ್ ಹಾಕಿಸ್ರಿ ಮತ್ತ ಮರೀಬ್ಯಾಡ್ರಿ, ನ್ಯಾಟ್ ಗೇಟ್‌ವೇ ಬಳಸ್ಲಿ ಬಿಡ್ಲಿ ತಾಸಿನ ಲೆಕ್ಕದಾಗ ರೊಕ್ಕ ತಿಂತದ, ಪ್ರ್ಯಾಕ್ಟೀಸ್ ಆದ ಕೂಡ್ಲೇ ಅಳಿಸಬೇಕು.

ಡಂಪ್ಸ್ (ಕದ್ದು ಹಂಚೋ ಪರೀಕ್ಷೆ ಪ್ರಶ್ನೆ-ಉತ್ತರ) ಬಗ್ಗೆ ಕೇಳೋವ್ರಿಗೆ: ಸಿಕ್ಕಿ ಬಿದ್ರ ಸರ್ಟಿಫಿಕೇಟ್ ರದ್ದು ಮಾಡ್ತಾರ, ಸಿಗದಿದ್ರ ಮ್ಯಾಲೆ ಹೇಳಿದ ಪ್ರೈವೇಟ್ ಸಬ್‌ನೆಟ್ ಪ್ರಶ್ನ್ಯಾಗ ಸಿಗ್ತೀರಿ.

ಸಪೋರ್ಟ್, ಟೆಸ್ಟಿಂಗ್ ಇಂಥಾದ್ರಾಗಿದ್ದು ಲೈನ್ ಬದಲ್ ಮಾಡೋವ್ರು ಕೈಯಿಂದ ರೊಕ್ಕ ಹಾಕಿದ್ರೂ ನಡೀತದ, ಅವ್ರಿಗೆ ನಾ 4 ಸ್ಟಾರ್ ಕೊಡ್ತಿದ್ದೆ. ಆಗಲೇ ಕ್ಲೌಡ್‌ನಾಗೇ ಐದಾರು ವರ್ಷ ತೆಗೆದವ್ರಿಗೆ 2, ಕಂಪನಿ ವೋಚರ್ ಕೊಟ್ರ ಮಾತ್ರ ಬರೀರಿ. ನಾನೂ ಈ ಸಲ ಅದಕ್ಕೇ ಕಾಯ್ಲಿಕ್ಕತ್ತೀನಿ, ಬರ್ಲಿಲ್ಲಂದ್ರ ಎಕ್ಸ್‌ಪೈರ್ ಆಗ್ಲಿ ಬಿಡು ಅಂತ ಬಿಟ್ಟೀನಿ.

ಬರಿಯೋವ್ರಿಗೆ ಒಂದು ಉಪಯೋಗದ್ದು: ಇಂಗ್ಲಿಷ್ ಮಾತೃಭಾಷೆ ಅಲ್ದವ್ರಿಗೆ 30 ನಿಮಿಷ ಜಾಸ್ತಿ ಕೊಡ್ತಾರ, ಪುಕ್ಕಟೆ. ಅಕೌಂಟ್‌ನಾಗ ಹೋಗಿ ಅಕಾಮಡೇಶನ್ ಅಂತ ಇರ್ತದ, ಅಲ್ಲಿ ರಿಕ್ವೆಸ್ಟ್ ಹಾಕ್ರಿ, ಆದ್ರ ಸ್ಲಾಟ್ ಬುಕ್ ಮಾಡೋಕಿಂತ ಮೊದ್ಲೇ ಹಾಕ್ಬೇಕು.