ಅಳಿವಿನ ಬೋರ್ಡ್ ಗೇಮ್: ದಾಳ ಸರಿ ಇದೆ, ಕೊನೆಯ ಐದು ಬಿಲ್ಲೆಗಳ ಲೆಕ್ಕ ತಪ್ಪಿದೆ

ಒಂದು ತಿಂಗಳಿಂದ ನಮ್ಮ ಮನೆಯಲ್ಲಿ ಇದೊಂದೇ ಆಟ. ಜೀವಿಗಳು ಹೇಗೆ ಅಳಿದು ಹೋಗುತ್ತವೆ ಅನ್ನುವುದರ ಮೇಲೆ ಮಾಡಿರುವ ಬೋರ್ಡ್ ಗೇಮ್. ಹೆಸರು ಹೇಳುವುದಿಲ್ಲ, ಯಾಕೆಂದರೆ ಕೆಳಗೆ ಸ್ವಲ್ಪ ಬೈದಿದ್ದೇನೆ. ನಾನು, ಹೆಂಡತಿ, ಹನ್ನೊಂದು ವರ್ಷದ ಮಗಳು ಸೇರಿ ಇಪ್ಪತ್ತು ಸಲವಾದರೂ ಆಡಿದ್ದೇವೆ. ಹಾಗಾಗಿ ಡಬ್ಬ ಬಿಚ್ಚಿದ ಖುಷಿಯಲ್ಲಿ ಬರೆದದ್ದಲ್ಲ ಇದು.

ಆಟ ಸುಲಭ. ಒಬ್ಬೊಬ್ಬರಿಗೆ ಒಂದು ಜೀವಿಯ ಕಾರ್ಡ್. ಅದರ ಮೇಲೆ ನಾಲ್ಕು ಅಂಕಿ: ಎಷ್ಟು ಜಾಗದಲ್ಲಿ ಹರಡಿದೆ, ಎಷ್ಟು ಮರಿ ಹಾಕುತ್ತದೆ, ಎಷ್ಟು ಬಗೆಯ ಆಹಾರ ತಿನ್ನುತ್ತದೆ, ಮೈ ಎಷ್ಟು ದೊಡ್ಡದು. ಜೊತೆಗೆ ಮರದ ಬಿಲ್ಲೆಗಳು, ಅವೇ ನಿಮ್ಮ ಪ್ರಾಣಿಗಳ ಸಂಖ್ಯೆ. ಪ್ರತಿ ಸುತ್ತಿಗೂ ಒಂದು ಆಪತ್ತಿನ ಕಾರ್ಡ್ ಎತ್ತಿ ದಾಳ ಹಾಕಬೇಕು. ಬಂದಷ್ಟು ಬಿಲ್ಲೆ ಹೋಗುತ್ತವೆ, ಆಮೇಲೆ ಮರಿಗಳ ಅಂಕಿ ನೋಡಿ ಒಂದಷ್ಟು ವಾಪಸ್ ಬರುತ್ತವೆ. ಬಿಲ್ಲೆ ಖಾಲಿಯಾದರೆ ನಿಮ್ಮ ಕಾರ್ಡ್ ಕಪ್ಪು ಡಬ್ಬಿಗೆ.

ಆ ನಾಲ್ಕು ಅಂಕಿಗಳ ವಿಷಯದಲ್ಲಿ ಆಟ ಮಾಡಿದವರಿಗೆ ಪೂರ್ತಿ ಅಂಕ ಕೊಡುತ್ತೇನೆ. ಮೊದಲ ದಿನ ಮಗಳು ಸ್ಟೆಲ್ಲರ್ ಕಡಲ ಹಸುವನ್ನೇ ಹಟ ಹಿಡಿದು ತೆಗೆದುಕೊಂಡಳು, ಅಷ್ಟು ದೊಡ್ಡ ಪ್ರಾಣಿಯನ್ನು ಯಾರು ಏನು ಮಾಡುತ್ತಾರೆ ಅಂತ. ಆರನೇ ಸುತ್ತಿಗೆ ಅದು ಡಬ್ಬಿ ಸೇರಿತು. ಹೆಂಡತಿಯ ಇಲಿ ಮಾತ್ರ ಏನೇ ಬಂದರೂ ಜಗ್ಗಲಿಲ್ಲ. ಮಗಳಿಗೆ ಸಿಟ್ಟು ಬಂತು, ಆದರೆ ನಿಜವಾಗಿ ಆದದ್ದೂ ಹಾಗೆಯೇ. ಹಡಗು ಒಡೆದು ದ್ವೀಪದಲ್ಲಿ ಸಿಕ್ಕಿಕೊಂಡವರ ಜೊತೆಗಿದ್ದ ಸ್ಟೆಲ್ಲರ್ ಅನ್ನುವ ಜೀವವಿಜ್ಞಾನಿ 1741ರಲ್ಲಿ ಈ ಪ್ರಾಣಿಯನ್ನು ಕಂಡು ವಿವರವಾಗಿ ಬರೆದಿಟ್ಟ. 1768ರ ಹೊತ್ತಿಗೆ ಒಂದೂ ಉಳಿದಿರಲಿಲ್ಲ. ಇಪ್ಪತ್ತೇಳು ವರ್ಷ, ಅಷ್ಟೇ. ಬೇಟೆ ಕಾರಣ, ಸರಿ. ಆದರೆ ಒಂದು ಕಾಲಕ್ಕೆ ಉತ್ತರ ಪೆಸಿಫಿಕ್ ಕರಾವಳಿಯುದ್ದಕ್ಕೂ ಇದ್ದ ಪ್ರಾಣಿ ಅಷ್ಟು ಹೊತ್ತಿಗಾಗಲೇ ಒಂದೆರಡು ದ್ವೀಪಗಳ ಸುತ್ತ ಮಾತ್ರ ಉಳಿದಿತ್ತು. ಜಾಗ ಚಿಕ್ಕದು, ಮರಿ ಕಡಿಮೆ, ಮೈ ದೊಡ್ಡದು. ಕಾರ್ಡಿನಲ್ಲೂ ಅದೇ ಇದೆ.

ಮರಿಗಳ ಅಂಕಿ ಎಷ್ಟು ಮುಖ್ಯ ಅನ್ನುವುದಕ್ಕೆ ರಣಹದ್ದಿನ ಕಾರ್ಡ್ ನೋಡಿ. ವರ್ಷಕ್ಕೆ ಒಂದೇ ಮೊಟ್ಟೆ, ಮರಿ ದೊಡ್ಡದಾಗಿ ಗೂಡು ಕಟ್ಟಲು ನಾಲ್ಕೈದು ವರ್ಷ. ಇಂಥ ಹಕ್ಕಿಗೆ ದೊಡ್ಡವು ಸಾಯುವುದು ಸ್ವಲ್ಪ ಜಾಸ್ತಿಯಾದರೂ ಸಾಕು, ಲೆಕ್ಕ ತಲೆಕೆಳಗು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಅನ್ನುವ ನೋವಿನ ಔಷಧಿ ದಕ್ಷಿಣ ಏಷ್ಯಾದಲ್ಲಿ ಮಾಡಿದ್ದು ಇದನ್ನೇ. ರಣಹದ್ದುಗಳು ತಿನ್ನುವ ನೂರು ಸತ್ತ ದನಗಳಲ್ಲಿ ಒಂದಕ್ಕಿಂತ ಕಡಿಮೆಯಲ್ಲಿ ಆ ಔಷಧಿ ಇದ್ದರೂ ಸಾಕಿತ್ತು. 1990ರ ದಶಕದಲ್ಲಿ ಶುರುವಾದ ಈ ಕುಸಿತದಲ್ಲಿ ಮೂರು ಜಾತಿಯ ಹದ್ದುಗಳು ನೂರಕ್ಕೆ 95ಕ್ಕಿಂತ ಜಾಸ್ತಿ ಹೋದವು. ಇದಕ್ಕೆ ಔಷಧಿಯೇ ಕಾರಣ ಅಂತ ಗೊತ್ತಾಗಿದ್ದು 2004ರ ಹೊತ್ತಿಗೆ.

ಇನ್ನು ಬೈಗುಳ.

ಡಬ್ಬದ ಮೇಲೆ ದೊಡ್ಡದಾಗಿ ಉಲ್ಕೆಯ ಚಿತ್ರ. ಒಳಗೆ ಉಲ್ಕೆಯ ಕಾರ್ಡೂ ಇದೆ, ಬಂದರೆ ಎಲ್ಲರ ಮುಕ್ಕಾಲು ಬಿಲ್ಲೆ ಹೋಗುತ್ತವೆ. 6.6 ಕೋಟಿ ವರ್ಷದ ಹಿಂದೆ ಹಾಗೆ ಆದದ್ದು ನಿಜ, ಸುಮಾರು ಮುಕ್ಕಾಲು ಪಾಲು ಜಾತಿಗಳು ಹೋದವು. ಮಕ್ಕಳಿಗೆ ಆ ಕಾರ್ಡ್ ಅಂದರೆ ಪ್ರಾಣ. ನನಗೆ ಬೇಜಾರು, ಯಾಕೆಂದರೆ ಅಳಿವು ಅಂದರೆ ಮೇಲಿಂದ ಬಂದು ಬೀಳುವ ಒಂದೇ ಏಟು ಅಂತ ಈ ಕಾರ್ಡ್ ಹೇಳಿಕೊಡುತ್ತದೆ. ಉಳಿದ ಆಪತ್ತಿನ ಕಾರ್ಡುಗಳೂ ಅದೇ ಜಾಡಿನಲ್ಲಿವೆ: ಬೆಂಕಿ, ರೋಗ, ಬೇಟೆ, ಒಂದೊಂದೂ ಬೇರೆ ಬೇರೆ. ಇವೆಲ್ಲ ಸೇರಿಕೊಂಡು ಒಂದೇ ಪ್ರಾಣಿಯ ಮೇಲೆ ಬೀಳುವುದನ್ನು ತೋರಿಸುವ ನಿಯಮವೇ ಇಲ್ಲ.

ಹೀತ್ ಹೆನ್ ಅನ್ನುವ ಕೋಳಿಜಾತಿಯ ಹಕ್ಕಿಯ ಕಾರ್ಡ್ ಆಟದಲ್ಲಿದೆ, ಹಿಂಬದಿಯಲ್ಲಿ ‘ಬೆಂಕಿಯಿಂದ ಅಳಿಯಿತು’ ಅಂತ ಒಂದೇ ಸಾಲು. ಅಮೆರಿಕದ ಈಶಾನ್ಯ ಕರಾವಳಿಯಲ್ಲಿ ಎಲ್ಲೆಂದರಲ್ಲಿ ಇದ್ದ ಹಕ್ಕಿ ಅದು. ತಿಂದು ತಿಂದು ಮುಖ್ಯ ಭೂಮಿಯಲ್ಲಿ ಮುಗಿಸಿದರು. ಉಳಿದದ್ದು ಮಾರ್ಥಾಸ್ ವಿನ್ಯರ್ಡ್ ಅನ್ನುವ ಒಂದು ದ್ವೀಪದಲ್ಲಿ. 1908ರಲ್ಲಿ ಅಲ್ಲಿ ರಕ್ಷಿತ ಜಾಗ ಮಾಡಿದಾಗ ಇದ್ದದ್ದು ಐವತ್ತರಷ್ಟು. ಕಾಪಾಡಿದರು, 1916ರ ಹೊತ್ತಿಗೆ ಸುಮಾರು 2,000 ಆದವು. ಇಲ್ಲಿಗೆ ಕಥೆ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು. ಅದೇ ವರ್ಷ ಹಕ್ಕಿಗಳು ಕಾವು ಕೂರುವ ಹೊತ್ತಿಗೆ ಬೆಂಕಿ ಬಿತ್ತು, ಮೊಟ್ಟೆ ಬಿಟ್ಟು ಏಳದ ಹೆಣ್ಣುಗಳೇ ಜಾಸ್ತಿ ಸತ್ತವು. ಹಿಂದೆಯೇ ಕೊರೆಯುವ ಚಳಿಗಾಲ, ಅದರ ಜೊತೆ ದಂಡು ದಂಡಾಗಿ ಬಂದ ಗಿಡುಗಗಳು. ಉಳಿದವುಗಳಲ್ಲಿ ಗಂಡೇ ಹೆಚ್ಚು. ಆಮೇಲೆ ಸಾಕಿದ ಕೋಳಿಗಳಿಂದ ರೋಗ. 1927ರಲ್ಲಿ ಹತ್ತು-ಹನ್ನೆರಡು ಹಕ್ಕಿ, ಅದರಲ್ಲಿ ಹೆಣ್ಣು ಎರಡೇ. 1928ರ ಕೊನೆಗೆ ಒಂದೇ ಒಂದು ಗಂಡು. ಅದು ಕೊನೆಯದಾಗಿ ಕಂಡಿದ್ದು 1932ರ ಮಾರ್ಚ್‌ನಲ್ಲಿ.

ಈಗ ಹೇಳಿ, ಬೆಂಕಿಯಿಂದ ಅಳಿಯಿತಾ? ಹಕ್ಕಿ ಇಡೀ ಕರಾವಳಿಯಲ್ಲಿ ಇದ್ದಾಗ ಅಂಥ ಎಷ್ಟು ಬೆಂಕಿ ಬಂದು ಹೋಗಿರಲಿಲ್ಲ! ಒಂದು ಕಡೆ ಸುಟ್ಟರೆ ಪಕ್ಕದಿಂದ ಬಂದು ತುಂಬಿಕೊಳ್ಳುತ್ತಿದ್ದವು. ಎಲ್ಲವೂ ಒಂದೇ ದ್ವೀಪದಲ್ಲಿ ಬಂದು ಕೂತ ಮೇಲೆ ಬೆಂಕಿ ಅಲ್ಲದಿದ್ದರೆ ಚಳಿ, ಚಳಿ ಅಲ್ಲದಿದ್ದರೆ ರೋಗ. ಸಂಖ್ಯೆ ಇಳಿಸಿದ್ದು ಒಂದು, ಕೊನೆಗೆ ಮುಗಿಸಿದ್ದು ಇನ್ನೊಂದು. ಆಟಕ್ಕೆ ಅರ್ಥವಾಗದ್ದು ಇದು. ಅದರ ಪ್ರಕಾರ ನಲವತ್ತು ಬಿಲ್ಲೆಯಿಂದ ಮೂವತ್ತೈದಕ್ಕೆ ಇಳಿಯುವುದೂ ಐದರಿಂದ ಸೊನ್ನೆಗೆ ಇಳಿಯುವುದೂ ಒಂದೇ.

ಅದಕ್ಕೇ ನಾವೊಂದು ಮನೆ ನಿಯಮ ಮಾಡಿಕೊಂಡೆವು. ಐದಕ್ಕಿಂತ ಕಡಿಮೆ ಬಿಲ್ಲೆ ಇದ್ದರೆ ಒಂದೊಂದಕ್ಕೂ ದಾಳ ಹಾಕಬೇಕು: ಸಮ ಬಂದರೆ ಹೆಣ್ಣು, ಬೆಸ ಬಂದರೆ ಗಂಡು. ಮೊದಲ ದಿನವೇ ಮಗಳ ಕೈಯಲ್ಲಿ ಮೂರು ಬಿಲ್ಲೆ ಉಳಿದವು. ಮೂರು, ಐದು, ಮತ್ತೆ ಮೂರು. ಎಲ್ಲವೂ ಗಂಡು. ಬಿಲ್ಲೆಗಳನ್ನೇ ದಿಟ್ಟಿಸಿ ನೋಡಿದಳು. “ಅಪ್ಪಾ, ಇವು ಸತ್ತಿಲ್ಲ ಅಲ್ವಾ? ಮತ್ತೆ ನಾನು ಹೇಗೆ ಸೋತೆ?”

ಸುಮ್ನೆ ಆಟಕ್ಕೆ ಮಾಡಿದ ನಿಯಮ ಅನ್ನಬೇಡಿ. ಫ್ಲಾರಿಡಾದ ಜೌಗಿನಲ್ಲಿ ಡಸ್ಕಿ ಸೀಸೈಡ್ ಅನ್ನುವ ಗುಬ್ಬಿ ಇತ್ತು. ಸೊಳ್ಳೆ ಕಾಟ ತಪ್ಪಿಸಲು ಡಿಡಿಟಿ ಹೊಡೆದರು, ಜೌಗಿನಲ್ಲಿ ನೀರು ತುಂಬಿಸಿ ಮುಳುಗಿಸಿದರು, ಗುಬ್ಬಿಗಳ ಜಾಗ ಹೋಯಿತು. 1980ರ ಹೊತ್ತಿಗೆ ಹುಡುಕಿ ಹಿಡಿದು ತಂದ ಹಕ್ಕಿಗಳೆಲ್ಲ ಗಂಡೇ. ಕೊನೆಯದು ಸತ್ತಿದ್ದು 1987ರಲ್ಲಿ, ಆದರೆ ಅದರ ಕಥೆ ಅಷ್ಟು ವರ್ಷ ಮೊದಲೇ ಮುಗಿದಿತ್ತು. (ಹೀತ್ ಹೆನ್, ಈ ಗುಬ್ಬಿ ಎರಡೂ ಉಪಜಾತಿಗಳು ಅಂತ ಯಾರಾದರೂ ತಿದ್ದುವ ಮೊದಲು ನಾನೇ ಹೇಳಿಬಿಡುತ್ತೇನೆ. ಲೆಕ್ಕ ಬದಲಾಗುವುದಿಲ್ಲ.)

ಜಾಸ್ತಿ ಬಿಲ್ಲೆ ಇದ್ದರೆ ಪಾರು ಅನ್ನುವುದೂ ಆಟದ ಭ್ರಮೆ. ಪ್ಯಾಸೆಂಜರ್ ಪಾರಿವಾಳಕ್ಕೆ ನಲವತ್ತು ಬಿಲ್ಲೆ ಕೊಟ್ಟಿದ್ದಾರೆ, ಅದು ಸಿಕ್ಕವರು ಸೋಲುವುದೇ ಇಲ್ಲ. ನಿಜದಲ್ಲಿ ನೂರಾರು ಕೋಟಿ ಇದ್ದ ಹಕ್ಕಿ ಅದು, 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿಯ ಮೃಗಾಲಯದಲ್ಲಿ ಕೊನೆಯದು ಸತ್ತಿತು. ಗುಂಪಿನಲ್ಲಿದ್ದರಷ್ಟೇ ಅದಕ್ಕೆ ಬಾಳು. ಲಕ್ಷಗಟ್ಟಲೆ ಒಟ್ಟಿಗೆ ಗೂಡು ಕಟ್ಟಿದಾಗ ಹಿಡಿದು ತಿನ್ನುವ ಪ್ರಾಣಿಗಳು ತಿಂದು ತಿಂದು ಸುಸ್ತಾಗುತ್ತಿದ್ದವು, ಉಳಿದ ಮರಿಗಳು ಬದುಕುತ್ತಿದ್ದವು. ಅದೇ ಗುಂಪು ಎಲ್ಲಿದೆ ಅಂತ ಬೇಟೆಗಾರರಿಗೆ ಟೆಲಿಗ್ರಾಫ್ ಹೇಳಿತು, ರೈಲು ಅಲ್ಲಿಗೆ ತಲುಪಿಸಿತು. ಗುಂಪು ಒಡೆದ ಮೇಲೆ ಸಾವಿರಗಟ್ಟಲೆ ಉಳಿದಿದ್ದರೂ ಅವು ಮತ್ತೆ ಚೇತರಿಸಿಕೊಳ್ಳಲೇ ಇಲ್ಲ.

ರಕ್ಷಣೆಯ ಕಾರ್ಡ್ ಬಗ್ಗೆ ಒಂದು ಮಾತು. ಅದು ಬಂದರೆ ಒಂದೇ ಏಟಿಗೆ ಹತ್ತು ಬಿಲ್ಲೆ ವಾಪಸ್. ಅಷ್ಟು ಸಲೀಸಾಗಿದ್ದರೆ ಏನು ಬೇಕಿತ್ತು! ನ್ಯೂಜಿಲೆಂಡಿನ ಚಾಥಮ್ ದ್ವೀಪಗಳ ಬ್ಲ್ಯಾಕ್ ರಾಬಿನ್ 1980ರಲ್ಲಿ ಐದಕ್ಕೆ ಇಳಿದಿತ್ತು, ಮರಿ ಮಾಡುತ್ತಿದ್ದ ಹೆಣ್ಣು ಒಂದೇ. ಅದಕ್ಕೆ ಓಲ್ಡ್ ಬ್ಲೂ ಅಂತ ಹೆಸರು. ಹಕ್ಕಿಗಳನ್ನು ಉಳಿಸುವ ಕೆಲಸದಲ್ಲಿದ್ದ ಡಾನ್ ಮರ್ಟನ್ ಮತ್ತು ಅವರ ಜೊತೆಯವರು ಅದರ ಮೊಟ್ಟೆ ಎತ್ತಿ ಬೇರೆ ಜಾತಿಯ ಹಕ್ಕಿಯ ಗೂಡಿನಲ್ಲಿಟ್ಟರು. ಗೂಡು ಖಾಲಿ ಕಂಡ ಓಲ್ಡ್ ಬ್ಲೂ ಮತ್ತೆ ಮೊಟ್ಟೆ ಇಟ್ಟಿತು. ಹೀಗೆ ವರ್ಷಗಟ್ಟಲೆ ಬೆನ್ನು ಬಿಡದೆ ಕೂತದ್ದಕ್ಕೆ ಇವತ್ತು ಇನ್ನೂರಕ್ಕಿಂತ ಜಾಸ್ತಿ ಇವೆ, ಎಲ್ಲವೂ ಅದೊಂದು ಹೆಣ್ಣಿನ ವಂಶ. ದಾಳದಲ್ಲಿ ಆರು ಬಿದ್ದದ್ದೂ ನಿಜ, ಯಾಕೆಂದರೆ ಓಲ್ಡ್ ಬ್ಲೂ ತನ್ನ ಜಾತಿಯಲ್ಲಿ ಅಪರೂಪಕ್ಕೆ ತುಂಬಾ ವರ್ಷ ಬದುಕಿತು.

ಇನ್ನು ಚಿಲ್ಲರೆ ದೂರುಗಳು. ಬಿಲ್ಲೆಗಳು ತೀರಾ ಚಿಕ್ಕವು, ಎರಡು ಆಗಲೇ ಸೋಫಾ ಸಂದಿಯಲ್ಲಿ ಅಳಿದು ಹೋಗಿವೆ. ಹಸಿರು, ನೀಲಿ ಬಣ್ಣ ರಾತ್ರಿ ಬೆಳಕಲ್ಲಿ ಒಂದೇ ಥರ ಕಾಣುತ್ತವೆ. ನಿಯಮದ ಪುಸ್ತಕ ಓದುವುದಕ್ಕಿಂತ ಆಡಿದವರನ್ನು ಕೇಳುವುದು ವಾಸಿ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಹತ್ತು ವರ್ಷದ ಮೇಲಿನ ಮಕ್ಕಳಿದ್ದರೆ ತೆಗೆದುಕೊಳ್ಳಿ, ಉಲ್ಕೆಯ ಕಾರ್ಡ್ ಎತ್ತಿ ಪಕ್ಕಕ್ಕಿಡಿ, ಗಂಡು-ಹೆಣ್ಣಿನ ದಾಳ ಸೇರಿಸಿಕೊಳ್ಳಿ. ನಮ್ಮ ಮನೆಯಲ್ಲಿ ಒಂದು ಜಗಳ ಮಾತ್ರ ಇನ್ನೂ ಬಗೆಹರಿದಿಲ್ಲ. ಒಂದೇ ಒಂದು ಗಂಡು ಬಿಲ್ಲೆ ಉಳಿದಾಗ ಕಾರ್ಡನ್ನು ಕಪ್ಪು ಡಬ್ಬಿಗೆ ಹಾಕಿಬಿಡಿ ಅನ್ನುತ್ತಾಳೆ ಹೆಂಡತಿ. ಮಗಳು ಆ ಬಿಲ್ಲೆಯ ಮೇಲೆ ಬೆರಳಿಟ್ಟುಕೊಂಡು ಕೂರುತ್ತಾಳೆ, ತೆಗೆಯಲು ಬಿಡುವುದಿಲ್ಲ.